ಮಡಕಶಿರಾದ ಕಂಪ್ಯೂಟರಿಗೆ ಹಾಕಿದ ಬೀಗ

ಫೋನ್ ಎತ್ತಿದರೆ ಮೊದಲು ಕೇಳಿಸುತ್ತಿದ್ದದ್ದು ಒಂದು ಸದ್ದು. ಚುಸ್ಸ್ ಎಂದು ಎದ್ದು, ಸಣ್ಣಗಾಗಿ, ಮತ್ತೆ ಚುಸ್ಸ್. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದರೆ ಬರುತ್ತದಲ್ಲ, ಥೇಟ್ ಹಾಗೆ. ಅದರ ಹಿಂದೆಯೇ ಮಡಕಶಿರಾದ ಯೂನಿಟ್ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳ ದನಿ: "ಗುಡ್ ಮಾರ್ನಿಂಗ್ ಮೇಡಂ. ಉದ್ದ ನಲವತ್ತೆಂಟು, ಅಗಲ ನಲವತ್ತೊಂಬತ್ತು." ಅವರ ಯೂನಿಟ್ಟಿನ ಪಕ್ಕದಲ್ಲಿ ದೋಸೆ ಹೋಟೆಲ್ ಇರಬೇಕು ಅಂದುಕೊಂಡಿದ್ದೆ. ರಾಯದುರ್ಗದಲ್ಲಿ ಕಾಫಿ ಲೋಟ ಹಿಡಿದು ಕೂತವಳಿಗೆ ಆ ಸದ್ದು ಹಿತವಾಗಿಯೇ ಇತ್ತು. ಹೌ ಸಿಲ್ಲಿ ಆಫ್ ಮಿ ಎಂದು ಈಗ ಅನ್ನಿಸುತ್ತದೆ. ಆಗ ಅದರ ಮೇಲೆ ಎಷ್ಟು ಹೆಣ್ಣುಮಕ್ಕಳ ಅನ್ನ ನಿಂತಿದೆ ಎಂದು ನನಗೇನು ಗೊತ್ತು?

ರಾಯದುರ್ಗದಲ್ಲಿ ಓಣಿಗೊಂದು ಜೀನ್ಸ್ ಕಟಿಂಗ್ ಹಾಲ್. ಅಂಥ ಒಂದಕ್ಕೆ ನಾನು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕಂಪ್ಯೂಟರ್ ಕಲಿಸಿ ನಿವೃತ್ತಳಾದ ಮುದುಕಿಗೆ ಬಟ್ಟೆಯ ಸಹವಾಸ ಹೇಗೆ ಬಂತು ಎಂಬುದು ಬೇರೆಯೇ ಕತೆ, ಇಲ್ಲಿ ಬೇಡ. ಜೀನ್ಸ್ ಬಟ್ಟೆ ತೊಳೆದರೆ ಕುಗ್ಗುತ್ತದೆ, ಒಂದೊಂದು ಲಾಟು ಒಂದೊಂದು ಥರ ಕುಗ್ಗುತ್ತದೆ. ಆದ್ದರಿಂದ ಕತ್ತರಿಸುವ ಮೊದಲು ಆ ಲಾಟಿನಿಂದ ಒಂದು ತುಂಡು ತೆಗೆದು, ಅದರ ಮೇಲೆ ಐವತ್ತು ಸೆಂಟಿಮೀಟರಿನ ಚೌಕ ಗುರುತು ಮಾಡಿ, ತೊಳೆದು, ಒಣಗಿಸಿ, ಚೌಕ ಎಷ್ಟಕ್ಕೆ ಇಳಿದಿದೆ ಎಂದು ಅಳೆಯಬೇಕು. ಉದ್ದ, ಅಗಲ ಎರಡು ಅಂಕಿ. ಅವನ್ನು ಕೊಟ್ಟರೆ ನನ್ನ ಪ್ರೋಗ್ರಾಂ ಪ್ರತಿಯೊಂದು ಸೈಜಿನ ಪ್ಯಾಟರ್ನನ್ನು ಎಷ್ಟು ದೊಡ್ಡದಾಗಿ ಕತ್ತರಿಸಬೇಕು ಎಂದು ಹೇಳುತ್ತಿತ್ತು. ಮೊದಲು ಇದೆಲ್ಲ ಕಟಿಂಗ್ ಮಾಸ್ಟರ ಬೆರಳಿನಲ್ಲಿ ನಡೆಯುತ್ತಿತ್ತು. ಬಟ್ಟೆ ಮುಟ್ಟಿ ನೋಡಿ, "ಇದಕ್ಕ ಒಂದು ಬೆರಳು ಬಿಡ್ರಿ, ಇದಕ್ಕ ಒಂದೂವರೆ" ಅನ್ನುವರು. ಆ ಬೆರಳನ್ನು ಫಾರ್ಮುಲಾ ಮಾಡಲು ನಾನು ಒಂದು ಬೇಸಿಗೆಯಿಡೀ ಅವರ ಮೇಜಿನ ಪಕ್ಕ ಕೂತೆ. ಎಕ್ಸೆಲ್ ಫೈಲು, ಅದರ ಹಿಂದೆ ಲೆಕ್ಕ ಓಡಿಸುವ ಕೋಡು, ಮ್ಯಾಕ್ರೋ ಅನ್ನುತ್ತಾರಲ್ಲ ಅದು. ದೊಡ್ಡ ಸಾಧನೆಯೇನಲ್ಲ, ಆದರೆ ಪ್ಯಾಂಟುಗಳು ಸರಿಯಾಗಿ ಬಂದವು. ಮಾಸ್ಟರು ಮಾತ್ರ ಹೋದಲ್ಲಿ ಬಂದಲ್ಲಿ, "ನನ್ನ ಬೆರಳು ಅಕ್ಕಾರ ಪೆಟ್ಟಿಗಿಯೊಳಗ ಇಟ್ಟಾರ" ಎಂದು ಹೇಳಿಕೊಂಡು ನಗುತ್ತಿದ್ದರು.

ಆ ಹಾಲ್‌ನ ಸಾಹುಕಾರರು ಮಡಕಶಿರಾದಲ್ಲಿ ಇನ್ನೊಂದು ಯೂನಿಟ್ ತೆಗೆದರು. ಅಲ್ಲಿ ಕಟಿಂಗ್ ಮತ್ತು ಹೊಲಿಗೆ. ಹೊಲಿದ ಪ್ಯಾಂಟುಗಳು ಲಾರಿಯಲ್ಲಿ ರಾಯದುರ್ಗಕ್ಕೆ ಬರಬೇಕು, ತೊಳೆಯುವುದು, ಇಸ್ತ್ರಿ, ಪ್ಯಾಕಿಂಗ್ ಎಲ್ಲ ಇಲ್ಲಿ. ಅಲ್ಲಿಗೆ ಕೊಟ್ಟದ್ದು ಹೊಲಿಗೆ ಮಷೀನುಗಳು, ಕಟಿಂಗ್ ಮೇಜು, ತುಂಡು ತೊಳೆದು ನೋಡಲು ಒಂದು ಸಣ್ಣ ವಾಷಿಂಗ್ ಮಷೀನು, ನನ್ನ ಪ್ರೋಗ್ರಾಂ ಇದ್ದ ಒಂದು ಕಂಪ್ಯೂಟರ್. ಇನ್‌ಚಾರ್ಜ್ ಆಗಿ ಅಲ್ಲೇ ಹತ್ತಿರದ ರೊಳ್ಳದ ಕಡೆಯ ಹೆಣ್ಣುಮಗಳನ್ನು ಇಟ್ಟರು. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದವಳು, ಡಿಪ್ಲೊಮಾ ಓದಿದ್ದವಳು. ಅವಳ ಮಾತು ಕೇಳಿ ರೊಳ್ಳ, ಅಮರಾಪುರದ ಎಷ್ಟೋ ಹುಡುಗಿಯರು ಬೆಂಗಳೂರಿನ ಬಾಡಿಗೆ ರೂಮುಗಳನ್ನು ಬಿಟ್ಟು ಊರಿಗೆ ಬಂದು ಈ ಯೂನಿಟ್ ಸೇರಿದ್ದರು. ಅದನ್ನು ಅವಳು ಯಾವತ್ತೂ ಮರೆಯುತ್ತಿರಲಿಲ್ಲ.

ಮೊದಲನೇ ಲಾಟು ಇಲ್ಲಿ ಬಂದು ತೊಳೆದಾಗ ಪ್ಯಾಂಟುಗಳು ಗಿಡ್ಡವಾದವು. ಹೊಸ ಯೂನಿಟ್, ಹೊಸ ಕೈ ಎಂದು ಸಾಹುಕಾರರು ಸುಮ್ಮನಾದರು. ಎರಡನೇ ಲಾಟಿನಲ್ಲಿ ಉದ್ದವೇನೋ ಹತ್ತಿರ ಬಂತು, ಸೊಂಟ ಬಿಗಿಯಾಯಿತು. ಅದೇ ಪ್ರೋಗ್ರಾಂ ರಾಯದುರ್ಗದ ಮೇಜಿನ ಮೇಲೆ ಒಂದು ಕೂದಲೆಳೆ ತಪ್ಪುತ್ತಿರಲಿಲ್ಲ. ನನ್ನನ್ನು ಕರೆಸಿದರು. ಮಡಕಶಿರಾದ ಫೈಲನ್ನು ಮೇಲ್‌ನಲ್ಲಿ ತರಿಸಿಕೊಂಡು, ಸಾಹುಕಾರರ ಎದುರಿಗೇ ಮ್ಯಾಕ್ರೋ ತೆಗೆದೆ. ಉದ್ದ ಲೆಕ್ಕ ಹಾಕುವ ಜಾಗದಲ್ಲಿ ನಾನು ಬರೆಯದ ಒಂದು ಸಾಲು ಇತ್ತು. ಬಂದ ಉತ್ತರಕ್ಕೆ ಮುಕ್ಕಾಲು ಇಂಚು ಕೂಡಿಸುವ ಸಾಲು.

ಸಾಹುಕಾರರು ಕನ್ನಡಕ ಮೇಲೆತ್ತಿ ಸ್ಕ್ರೀನಿನ ಹತ್ತಿರ ಬಗ್ಗಿದರು. "ಇದು ನೀವು ಬರದಿದ್ದೇನ್ರಿ ಅಕ್ಕಾರ?"

ನನ್ನದಲ್ಲ ಅಂದೆ. ಅಲ್ಲೇ ಮಡಕಶಿರಾಕ್ಕೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಅವಳು ಮುಚ್ಚುಮರೆ ಮಾಡಲಿಲ್ಲ.

"ನಾನೇ ಬರ್ದೆ ಸಾರ್. ಮೊದ್ಲನೇ ಲಾಟು ಗಿಡ್ಡ ಬಂತಲ್ಲ, ಅದಕ್ಕೆ ಒಂದು ಬೆರಳು ಬಿಟ್ಟೆ."

"ಬೆರಳು ಬಿಡಾಕ ಇಲ್ಲಿ ಮಾಸ್ಟರ್ ಇದ್ದಾನ. ನಿನಗ್ಯಾಕ ಬೇಕಿತ್ತು ಆ ಉಸಾಬರಿ?"

ಉದ್ದಕ್ಕೆ ಮಾತ್ರ ಬೆರಳು ಬಿಟ್ಟು ಅಗಲವನ್ನು ಹಾಗೇ ಇಟ್ಟಿದ್ದಾಳೆ, ಸೊಂಟ ಬಿಗಿಯಾದದ್ದು ಅದಕ್ಕೇ ಎಂದು ನಾನು ವಿವರಿಸಲು ಹೋದೆ. ಆದರೆ ಮೊದಲನೇ ಲಾಟು ಏಕೆ ಗಿಡ್ಡವಾಯಿತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೈಯಾಡಿಸಿದವಳು ಸಿಕ್ಕಿದ ಮೇಲೆ ಇನ್ನೇನು ಕೇಳುವುದು? ಸಾಹುಕಾರರು ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ಬೀಗ ಹಾಕ್ರಿ ಅಕ್ಕಾರ. ಮುಟ್ಟಬಾರ್ದು ಅನ್ನೋದಷ್ಟ ಅಲ್ಲ, ನೋಡಲೂಬಾರ್ದು. ನಮ್ಮ ಲೆಕ್ಕ ನಮ್ಮ ಮನ್ಯಾಗಿರ್ಬೇಕು."

ಅವರಿಗೆ ಎದುರು ಓಣಿಯವರ ಭಯವೂ ಇತ್ತು. ಇನ್ನೊಬ್ಬರು ಈ ಪ್ರೋಗ್ರಾಂ ಕಾಪಿ ಹೊಡೆದುಕೊಂಡರೆ ತಮ್ಮ ಹಾಲ್‌ಗೆ ಉಳಿಯುವುದೇನು ಎಂಬ ಭಯ. ನಾನು ಆ ಹೆಚ್ಚುವರಿ ಸಾಲನ್ನು ಅಳಿಸಿದೆ. ಪ್ರಾಜೆಕ್ಟ್ ಪ್ರಾಪರ್ಟೀಸ್‌ಗೆ ಹೋಗಿ ನೋಡದಂತೆ ಲಾಕ್ ಮಾಡುವ ಚೌಕಕ್ಕೆ ಟಿಕ್ ಹಾಕಿ ಪಾಸ್‌ವರ್ಡ್ ಕೊಟ್ಟೆ. ಈ ಮ್ಯಾಕ್ರೋ ಬೀಗದ ಸ್ವಭಾವವೇ ಹಾಗೆ: ನೋಡಲು ಬಿಟ್ಟು ತಿದ್ದಲು ಮಾತ್ರ ತಡೆಯುವ ಆಯ್ಕೆ ಅದರಲ್ಲಿಲ್ಲ. ಎರಡೂ ಒಟ್ಟಿಗೆ ಮುಚ್ಚುತ್ತದೆ. ಶೀಟುಗಳನ್ನೂ ಮುಚ್ಚಿ, ಎರಡು ಅಂಕಿ ತುಂಬುವ ಖಾನೆಗಳನ್ನು ಮಾತ್ರ ತೆರೆದಿಟ್ಟು, ಫೈಲನ್ನು ಮಡಕಶಿರಾಕ್ಕೆ ವಾಪಸ್ ಮೇಲ್ ಮಾಡಿದೆ. ಕೋಡಿನ ಒಂದು ಪ್ರತಿಯನ್ನು ಪೆನ್ ಡ್ರೈವ್‌ಗೆ ಇಳಿಸಿ ಬ್ಯಾಗಿಗೆ ಹಾಕಿಕೊಂಡೆ. ಟು ಬಿ ಫ್ರಾಂಕ್, ಆ ಬೀಗ ಗಟ್ಟಿಯಲ್ಲ, ಹೊತ್ತು ಸಿಕ್ಕ ಬುದ್ಧಿವಂತರಿಗೆ ಅದನ್ನು ಬಿಚ್ಚುವುದು ದೊಡ್ಡದಲ್ಲ. ಅದನ್ನು ಸಾಹುಕಾರರಿಗೂ ಹೇಳಿದೆ. ಆ ಮಾತು ಅವರ ತಲೆಯಲ್ಲಿ ಚೆನ್ನಾಗಿಯೇ ಕೂತಿತು, ನನಗೆ ಬೇಡವಾದ ಕಡೆ.

ಆಮೇಲೆ ಬಂದದ್ದು ಒಂದು ಫ್ಯಾಕ್ಟರಿಯ ಕೆಲಸಗಾರರಿಗೆ ಯೂನಿಫಾರ್ಮ್ ಪ್ಯಾಂಟುಗಳ ಆರ್ಡರ್. ಬಟ್ಟೆಯೆಲ್ಲ ಒಂದೇ ಬಣ್ಣದ ಲಾಟು. ಕೆಟ್ಟರೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲ. ಸಾಹುಕಾರರು ಅದನ್ನು ಮಡಕಶಿರಾಕ್ಕೆ ಕಳಿಸುವಾಗಲೇ ಇನ್‌ಚಾರ್ಜ್‌ಗೆ ಮಾತು ಹೇಳಿದ್ದರು. ಮೊದಲ ಬಂಡಲ್ ತೊಳೆದು ನೋಡುವವರೆಗೆ ಮುಂದಿನದು ಕತ್ತರಿಸಬೇಡ. ಅದು ಸರಿ ಬರಲಿಲ್ಲವೆಂದರೆ ಮಷೀನುಗಳನ್ನು ಲಾರಿಗೆ ಹೇರಿ ರಾಯದುರ್ಗಕ್ಕೆ ತರಿಸುವುದು, ಯೂನಿಟ್ಟಿಗೆ ಬಾಗಿಲು ಹಾಕುವುದು.

ಅವಳು ತುಂಡು ತೊಳೆದಳು, ಕಂಪ್ಯೂಟರಿಗೆ ತುಂಬಿದ ಅಂಕಿಗಳನ್ನು ಎಂದಿನಂತೆ ಫೋನ್ ಮಾಡಿ ನನಗೂ ಹೇಳಿದಳು. ಚುಸ್ಸ್ ಎಂಬ ಸದ್ದಿನ ನಡುವೆಯೇ. ನಲವತ್ತೆಂಟು, ನಲವತ್ತೊಂಬತ್ತು. ತುಂಡನ್ನು ಯಾವಾಗಲೂ ಮಾಡುವಂತೆ ಪೇಪರಿನಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು. ನಾಲ್ಕು ಮಡಿಕೆ ಮಾಡಿದ, ಅಂಚು ಅಂಚಿಗೆ ಕೂತ ತುಂಡು. ರಾಯದುರ್ಗದ ತುಂಡುಗಳೋ, ತೊಳೆಯುವವನು ಹಗ್ಗದಿಂದ ಎಳೆದು ಮಾಸ್ಟರ ಮೇಜಿಗೆ ಎಸೆದಂಥವು, ಹಪ್ಪಳದ ಹಾಗೆ ಸುರುಟಿಕೊಂಡಿರುತ್ತಿದ್ದವು. ಅವನ್ನು ತೋರಿಸಿ ನಾನು ಮಾಸ್ಟರಿಗೆ ಚುಚ್ಚಿದೆ, ಮಡಕಶಿರಾದ ಹುಡುಗಿಯರನ್ನು ನೋಡಿ ಕಲಿಯಿರಿ ಎಂದು. ಕಾನ್ವೆಂಟಿನಲ್ಲಿ ಬೆಳಿಗ್ಗೆ ಅಸೆಂಬ್ಲಿಗೆ ಮುಂಚೆ ಸಿಸ್ಟರ್ ನಮ್ಮ ಸ್ಕರ್ಟಿನ ನೆರಿಗೆಗಳನ್ನು ಒಂದೊಂದಾಗಿ ಬೆರಳಿನಿಂದ ಎಣಿಸುತ್ತಿದ್ದರು. ಒಂದು ನೆರಿಗೆ ಮುದುರಿದ್ದರೂ ಸಾಲಿನಿಂದ ಹೊರಗೆ. ಅಂಥಲ್ಲಿ ಬೆಳೆದವಳಿಗೆ ಅಚ್ಚುಕಟ್ಟು ಎಂದರೆ ಸತ್ಯ ಎಂದೇ ಅರ್ಥ.

ಬಂಡಲ್ ಬಂತು, ತೊಳೆದರು. ಮಾಸ್ಟರು ಟೇಪು ಹಿಡಿದು ಅಳೆದು ಟೇಪನ್ನು ಕೊರಳಿಗೆ ಹಾಕಿಕೊಂಡರು. ಕಾಲು ಒಂದೂವರೆ ಇಂಚಿನ ಮೇಲೆ ಗಿಡ್ಡ. ಸೊಂಟವೂ ಬಿಗಿ.

"ಬೀಗ ಒಡದಾಳ," ಅಂದರು ಸಾಹುಕಾರರು. ದನಿ ಏರಿಸಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಒಡೀಬೌದು ಅಂತ ನೀವ ಹೇಳಿದ್ರಲ್ರಿ."

ಒಡೆಯಬಹುದು ಎಂದರೆ ಒಡೆದಿದ್ದಾಳೆ ಎಂದಲ್ಲ, ನಾನೇ ಹೋಗಿ ನೋಡಿ ಬರುತ್ತೇನೆ, ಅಲ್ಲಿಯವರೆಗೆ ಲಾರಿ ಕಳಿಸಬೇಡಿ ಎಂದೆ. ಅವರು ಒಪ್ಪಿದ್ದು ಅರೆಮನಸ್ಸಿನಿಂದ. ನಾಳೆ ಸಾಯಂಕಾಲದೊಳಗೆ ಹೇಳಿ, ನಾಡಿದ್ದು ಲಾರಿ ಹೊರಡುತ್ತದೆ ಎಂದರು.

ಬೆಳಗಿನ ಮೊದಲ ಬಸ್ಸು ಹಿಡಿದೆ. ಕಲ್ಯಾಣದುರ್ಗದಲ್ಲಿ ಇಳಿದು ಪಾವಗಡದ ಬಸ್ಸು, ಅಲ್ಲಿಂದ ಮಡಕಶಿರಾ. ಮೊಣಕಾಲು ದಾರಿಯುದ್ದಕ್ಕೂ ಗೊಣಗಿತು. ನಾನು ಮನಸ್ಸಿನಲ್ಲಿ ಒಂದೇ ಲೆಕ್ಕ ಹಾಕುತ್ತಿದ್ದೆ. ಬೀಗ ಒಡೆಯುವವರು ಸಾಮಾನ್ಯವಾಗಿ ಹಳೇ ಪಾಸ್‌ವರ್ಡನ್ನು ಕೆಡಿಸಿ ಹೊಸದು ಕೂರಿಸುತ್ತಾರೆ. ಆದ್ದರಿಂದ ಮೊದಲ ಪರೀಕ್ಷೆ, ನನ್ನ ಪಾಸ್‌ವರ್ಡ್ ಇನ್ನೂ ಒಪ್ಪುತ್ತದೆಯೇ. ಎರಡನೆಯದು, ಒಳಗಿನ ಕೋಡು ನನ್ನ ಪ್ರತಿಗೆ ಅಕ್ಷರ ಅಕ್ಷರ ಹೊಂದುತ್ತದೆಯೇ.

ಇನ್‌ಚಾರ್ಜ್ ಬಾಗಿಲಲ್ಲೇ ನಿಂತಿದ್ದಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಸೆರಗಿಗೆ ಪಿನ್ನು. ಬರೀ ದನಿ ಗೊತ್ತಿದ್ದವಳನ್ನು ನೋಡಿದ್ದು ಅವತ್ತೇ ಮೊದಲು. ಮಜ್ಜಿಗೆ ಕೊಟ್ಟಳು. ಹೊಲಿಗೆ ಮಷೀನುಗಳು ನಿಂತಿದ್ದವು. ಹುಡುಗಿಯರು ಮಷೀನಿನ ಮುಂದೆಯೇ ಕೈ ಕಟ್ಟಿ ಕೂತು ನಮ್ಮನ್ನೇ ನೋಡುತ್ತಿದ್ದರು. ಕಟಿಂಗ್ ಮೇಜಿನ ಮೇಲೆ ಆ ಆರ್ಡರಿನ ಉಳಿದ ಬಟ್ಟೆ, ಬೆಡ್‌ಶೀಟ್ ಹೊದ್ದುಕೊಂಡು.

"ಬೆಂಗ್ಳೂರಿಂದ ಫೋನ್ ಮಾಡವ್ರೆ ಮೇಡಂ, ಹಳೇ ಫ್ಯಾಕ್ಟ್ರಿಯವ್ರು, ಹುಡ್ಗೀರ್ನ ವಾಪಸ್ ಕಳ್ಸಿ ಅಂತ," ಅಂದಳು, ನನಗೆ ಮಾತ್ರ ಕೇಳುವ ಹಾಗೆ. "ಇವ್ರೆಲ್ಲಾ ನನ್ ಮಾತ್ ಕೇಳಿ ಬಂದವ್ರು. ಈಗ ಯಾವ ಮುಖ ಇಟ್ಕಂಡು ವಾಪಸ್ ಹೋಗಿ ಅನ್ಲಿ?"

ಕಂಪ್ಯೂಟರ್ ಮುಂದೆ ಕೂತೆ. ಸಾಹುಕಾರರು ಫೋನಿನಲ್ಲಿದ್ದರು, ಸ್ಪೀಕರಿನಲ್ಲಿ, ಅವರೇ ಹಾಗೆ ಕೇಳಿದ್ದರು. ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿದೆ. ಇನ್‌ವ್ಯಾಲಿಡ್ ಎಂದು ಬಂತು.

ಮತ್ತೆ ನಿಧಾನವಾಗಿ ಹಾಕಿದೆ. ಮತ್ತೆ ಇನ್‌ವ್ಯಾಲಿಡ್.

"ಏನಾತ್ರಿ?" ಫೋನು ಕೇಳಿತು.

ಅವಳ ಕಡೆ ನೋಡಿದೆ. ಅವಳು ಸ್ಕ್ರೀನನ್ನು ನೋಡುತ್ತಿದ್ದಳು, ಮುಖದಲ್ಲಿ ಕಳ್ಳತನವಿರಲಿಲ್ಲ. ಆದರೆ ಮುಖ ನೋಡಿ ಕೋಡಿನ ತೀರ್ಪು ಕೊಡುವ ಹಾಗಿಲ್ಲ. ನಿಮ್ಮ ಲೈನ್ ಕಟ್ ಆಗುತ್ತಿದೆ, ಎರಡು ನಿಮಿಷ ಇರಿ ಎಂದು ಫೋನಿಗೆ ಹೇಳಿ, ಒಂದು ಖಾಲಿ ಶೀಟ್ ತೆಗೆದು ಅದೇ ಪಾಸ್‌ವರ್ಡನ್ನು ಕಣ್ಣಿಗೆ ಕಾಣುವಂತೆ ಟೈಪ್ ಮಾಡಿದೆ. ದೊಡ್ಡಕ್ಷರವಾಗಬೇಕಿದ್ದದ್ದು ಸಣ್ಣಕ್ಷರವಾಗಿ ಬಿತ್ತು. ಶಿಫ್ಟ್ ಕೀ ಒತ್ತಿದರೆ ಮೆತ್ತಗೆ ಇಳಿಯುತ್ತಿತ್ತು, ತಳ ಮುಟ್ಟುತ್ತಿರಲಿಲ್ಲ. ಅವಳ ಸೆರಗಿನ ಪಿನ್ನು ಕೇಳಿ ಈಸಿಕೊಂಡು ಕೀ ಎಬ್ಬಿಸಿದೆ. ಕೆಳಗೆ ಜೀನ್ಸಿನ ನೀಲಿ ನೂಲಿನ ಚೂರು ಹತ್ತಿಯ ಉಂಡೆಯ ಹಾಗೆ ಕೂತಿತ್ತು. ಊದಿದೆ. ಕೀ ಕೂರಿಸಿ ಪಾಸ್‌ವರ್ಡ್ ಹಾಕಿದೆ. ಬೀಗ ತೆರೆಯಿತು.

ಉಸಿರು ಬಿಡುವ ಮುಂಚೆ ಎರಡನೇ ಪರೀಕ್ಷೆ. ಒಳಗಿನ ಕೋಡನ್ನು ಹೊರಗೆ ಇಳಿಸಿ, ನನ್ನ ಪೆನ್ ಡ್ರೈವ್‌ನ ಪ್ರತಿಯೊಂದಿಗೆ ಹೋಲಿಸುವ ಆಜ್ಞೆ ಕೊಟ್ಟೆ. ಸ್ಕ್ರೀನಿನ ಕಪ್ಪು ಕಿಟಕಿಯಲ್ಲಿ ಒಂದೇ ಸಾಲು ಬಂತು: ಯಾವ ವ್ಯತ್ಯಾಸವೂ ಇಲ್ಲ. ಅದನ್ನು ಫೋನಿಗೆ ಗಟ್ಟಿಯಾಗಿ ಹೇಳಿದೆ. ಯಾರೂ ಮುಟ್ಟಿಲ್ಲ.

ಸಾಹುಕಾರರು, "ಮುಟ್ಟಿಲ್ಲ ಅಂದ್ರ, ಪ್ರೋಗ್ರಾಮ್ ತಪ್ಪೈತೇನ್ರಿ ಮತ್ತ? ಎಲ್ಲಾದ್ರೂ ಒಂದು ಕಡೆ ತಪ್ಪು ಇರಾಕಬೇಕಲ್ರಿ," ಅಂದರು.

ನ್ಯಾಯವಾದ ಪ್ರಶ್ನೆ. ಸಾಯಂಕಾಲ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಫಾರ್ಮುಲಾ ಸರಿ, ಕೋಡ್ ಸರಿ, ಉತ್ತರ ತಪ್ಪು. ಹಾಗಾದರೆ ಕೊಟ್ಟ ಅಂಕಿಯಲ್ಲೇ ಏನೋ ಇದೆ. ಇನ್‌ಚಾರ್ಜ್‌ಗೆ ಹೇಳಿದೆ, ಅದೇ ಬಟ್ಟೆಯಿಂದ ಹೊಸ ತುಂಡು ತೆಗೆ, ಮೊದಲಿನಿಂದ ಎಲ್ಲ ಮಾಡು, ನಾನು ಇಲ್ಲೇ ಕೂತಿರುತ್ತೇನೆ, ನಾನಿಲ್ಲ ಅಂದುಕೊಂಡು ಮಾಡು. ಅವಳು ಸೀರೆ ಎತ್ತಿ ಸಿಕ್ಕಿಸಿದಳು. ಬಟ್ಟೆಯನ್ನು ಮೇಜಿನ ಮೇಲೆ ಎಳೆಯದೆ ಹಾಸಿ, ಮೂಲೆಪಟ್ಟಿ ಇಟ್ಟು, ಅಳಿಸದ ಪೆನ್ನಿನಲ್ಲಿ ಚೌಕ ಹಾಕಿದಳು. ಟೇಪಿನ ತುದಿ ಸವೆದಿರುತ್ತದೆಂದು ಹತ್ತರ ಗೆರೆಯಿಂದ ಅಳೆದಳು. ಒಂದು ತಪ್ಪು ಹಿಡಿಯಲು ಆಗಲಿಲ್ಲ. ಮಷೀನಿಗೆ ಹಾಕಿದಳು. ತೊಳೆದು ತೆಗೆದು ಹೊರಗೆ ತಂತಿಯ ಮೇಲೆ ಒಣಹಾಕಿದಳು.

ಬಿಸಿಲು ಚುರುಕಾಗಿತ್ತು, ಬೇಗ ಒಣಗುತ್ತಿತ್ತು. ಕಾಯುವ ಹೊತ್ತಿನಲ್ಲಿ ಸುಮ್ಮನೆ ಮಾತಿಗೆಂದು ಕೇಳಿದೆ, ಇಲ್ಲೇ ಎಲ್ಲೋ ದೋಸೆ ಹೋಟೆಲ್ ಇರಬೇಕಲ್ಲ, ಹಸಿವಾಗಿದೆ.

"ದೋಸೆ ಹೋಟ್ಲಾ?" ಅವಳು ಹುಡುಗಿಯರ ಕಡೆ ನೋಡಿದಳು. "ಈ ಕಡೆ ಕಡ್ಲೇಕಾಯಿ ಗೋಡೌನು, ಆ ಕಡೆ ಗೋಡೆ. ಹೋಟ್ಲು ಬೇಕು ಅಂದ್ರೆ ಬಸ್‌ಸ್ಟ್ಯಾಂಡ್‌ಗೆ ಹೋಗ್ಬೇಕು ಮೇಡಂ. ತರುಸ್ಲಾ?"

ಬೇಡ ಅಂದೆ. ಹಾಗಾದರೆ ಫೋನಿನಲ್ಲಿ ಕೇಳುತ್ತಿದ್ದದ್ದು ಏನು ಎಂದು ಕೇಳುವಷ್ಟರಲ್ಲಿ ಅವಳು ತಂತಿಯಿಂದ ತುಂಡನ್ನು ತೆಗೆದುಕೊಂಡು ಒಳಗೆ ಹೋದಳು. ಹಿಂದೆಯೇ ಹೋದೆ. ಮೂಲೆಯಲ್ಲಿ ಒಂದು ಸ್ಟೂಲು, ಅದರ ಮೇಲೆ ಮಡಿಸಿದ ಕಂಬಳಿ, ಮನೆಯಿಂದ ತಂದ ಇಸ್ತ್ರಿ ಪೆಟ್ಟಿಗೆ. ಚೊಂಬಿನಿಂದ ಕೈಯಲ್ಲಿ ನೀರು ತೆಗೆದು ತುಂಡಿನ ಮೇಲೆ ಚಿಮುಕಿಸಿದಳು, ಎಡಗೈಯಿಂದ ಅಂಚು ಹಿಡಿದು ಎಳೆದು, ಬಲಗೈಯಿಂದ ಪೆಟ್ಟಿಗೆ ಒತ್ತಿದಳು. ಚುಸ್ಸ್.

ಫೋನಿನಲ್ಲಿ ಕೇಳುತ್ತಿದ್ದದ್ದು ಅದೇ ಸದ್ದು. "ನಿಲ್ಲಮ್ಮ," ಅಂದೆ. "ಅಳೆಯೋ ಮುಂಚೆ ದಿನಾ ಇದನ್ನ ಮಾಡ್ತೀಯಾ?"

"ಮಾಡ್ದೆ ಹೆಂಗೆ ಮೇಡಂ? ಅಳೆಯೋ ಮುಂಚೆ ಒಂದ್ಸಲ, ಮಡ್ಚಿ ಕಳ್ಸೋವಾಗ ಇನ್ನೊಂದ್ಸಲ. ಮುದುರಿದ್ ಬಟ್ಟೆ ಸಾಹುಕಾರ್ರ ಕೈಗೆ ಕೊಡಕ್ಕಾಗ್ತದಾ? ನೀವೂ ನೋಡೋ ತುಂಡು ಅದು. ಮಡಕಶಿರದೋರು ಕೊಳಕ್ರು ಅಂದ್ಕಂಡ್ರೆ?"

ಇನ್ನೂ ಅರ್ಧ ಇಸ್ತ್ರಿಯಾಗದೆ ಉಳಿದಿತ್ತು. ಆ ಅರ್ಧದ ಗೆರೆಯನ್ನು ಎಳೆಯದೆ ಹಾಗೆಯೇ ಅಳೆದೆ. ನಲವತ್ತಾರು. ಇಸ್ತ್ರಿಯಾದ ಕಡೆಯ ಗೆರೆ ಅಳೆದೆ. ನಲವತ್ತೆಂಟು. ಒದ್ದೆಯಾಗಿ, ಬಿಸಿಯಾಗಿ, ಅವಳ ಎಡಗೈಯ ಮರ್ಯಾದೆಗೆ ಎಳೆಸಿಕೊಂಡು, ಕುಗ್ಗಿದ ಬಟ್ಟೆ ಮತ್ತೆ ಹಿಗ್ಗುತ್ತಿತ್ತು. ಪ್ರೋಗ್ರಾಂಗೆ ಬಟ್ಟೆ ಕುಗ್ಗಿದ್ದು ಅರ್ಧವೇ ತಿಳಿಯುತ್ತಿತ್ತು. ಅವಳು ಟೇಪಿನ ಎರಡು ಗೆರೆಗಳನ್ನು ನೋಡಿ, ಇಸ್ತ್ರಿ ಪೆಟ್ಟಿಗೆಯ ಪ್ಲಗ್ ತೆಗೆದು, ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

"ಯಾರಾರ ಹೇಳಿದ್ದಿದ್ರೆ ಮಾಡ್ತಿರ್ಲಿಲ್ವಲ್ಲ," ಅಂದಳು.

ಕೋಡು ಹೇಳಿತ್ತು. ಅದೇ ನನ್ನನ್ನು ಸುಟ್ಟದ್ದು. ಅಂಕಿ ತುಂಬುವ ಭಾಗದ ಕೋಡಿನಲ್ಲಿ, ಮೊದಲ ಸಾಲಿನಲ್ಲೇ, ನಾನು ಟಿಪ್ಪಣಿ ಬರೆದಿದ್ದೆ. ಹರಡಿ ಒಣಗಿಸಬೇಕು, ಎಳೆಯಬಾರದು, ಇಸ್ತ್ರಿ ಮುಟ್ಟಿಸಬಾರದು. ಬರೆಯುವಾಗ ಅದು ನನಗೇ ನೆನಪಿಗೆಂದು. ರಾಯದುರ್ಗದಲ್ಲಿ ಯಾರೂ ತುಂಡಿಗೆ ಇಸ್ತ್ರಿ ಹಾಕುವ ಪ್ರಶ್ನೆಯೇ ಇರಲಿಲ್ಲ, ಆದ್ದರಿಂದ ಬಾಯಿಂದ ಹೇಳಬೇಕಾಗಿಯೂ ಬಂದಿರಲಿಲ್ಲ. ಬೀಗ ತೆಗೆದಿದ್ದ ಸ್ಕ್ರೀನಿನ ಮುಂದೆ ಅವಳನ್ನು ಕರೆದುಕೊಂಡು ಹೋಗಿ ಆ ಸಾಲು ತೋರಿಸಿದೆ. ಅವಳು ತುಟಿ ಅಲ್ಲಾಡಿಸುತ್ತಾ ಓದಿದಳು.

"ಅವತ್ತು ಉದ್ದದ್ ಲೆಕ್ಕ ಇರೋ ಜಾಗ ಒಂದೇ ನೋಡಿದ್ದು. ಬೈಸ್ಕಂಡ್ ಮೇಲೆ, ಎಲ್ಲಾ ಪೂರ್ತಿ ಓದ್ಬೇಕು, ಎಲ್ಲಿ ತಪ್ತಾ ಇದೀನಿ ಗೊತ್ತಾಗ್ಬೇಕು ಅಂತ ಕೂತೆ. ಆಗ್ಲೇ ಬೀಗ ಬಿದ್ದಿತ್ತು ಮೇಡಂ."

ಸಾಯಂಕಾಲ ಸಾಹುಕಾರರಿಗೆ ಫೋನ್ ಮಾಡಿದೆ. ತುಂಡಿನ ವಿಷಯ ಕೇಳಿ ಮಾಸ್ಟರು ಹಿಂದಿನಿಂದ ನಕ್ಕದ್ದು ಕೇಳಿಸಿತು. ಸಾಹುಕಾರರು ನಗಲಿಲ್ಲ. ಸರಿಯಾದ ಅಂಕಿಯಿಂದ ಇನ್ನೊಂದು ಬಂಡಲ್ ಕತ್ತರಿಸಿ ಕಳಿಸಲಿ, ಬಂದರೆ ನೋಡೋಣ, ಬೀಗ ಮಾತ್ರ ವಾಪಸ್ ಹಾಕಿ ಬನ್ನಿ ಎಂದರು.

ಅಲ್ಲಿಯವರೆಗೆ ಅವರು ಹೇಳಿದ್ದಕ್ಕೆಲ್ಲ ಹೂಂ ಅಂದಿದ್ದೆ. ಈಗ ಆಗಲ್ಲ ಅಂದೆ. ಪಾಸ್‌ವರ್ಡ್ ಬೇಕಿದ್ದರೆ ನಿಮಗೇ ಕೊಡುತ್ತೇನೆ, ನೀವೇ ಹಾಕಿಕೊಳ್ಳಿ, ನನ್ನ ಕೈಯಿಂದ ಆ ಬೀಗ ಇನ್ನು ಬೀಳುವುದಿಲ್ಲ. ಆ ಸಾಲು ಅವಳ ಕಣ್ಣಿಗೆ ಬಿದ್ದಿದ್ದರೆ ನಿಮ್ಮ ಬಂಡಲ್ ಉಳಿಯುತ್ತಿತ್ತು.

"ನಾಳೆ ಎದುರು ಓಣಿಯವ್ರು ಕಾಪಿ ಹೊಡೀತಾರಲ್ರಿ."

"ಹೊಡೀಲಿ. ಅದ್ರಾಗಿರೋ ಭಾಗಾಕಾರ ಸ್ಕೂಲ್ ಪುಸ್ತಕದಾಗ ಐತಿ. ನಿಮಗ ಬೇಕಾಗಿರೋದು ಯಾರೂ ತಿದ್ದಬಾರ್ದು ಅನ್ನೋದು. ಅದಕ್ಕ ಬ್ಯಾರೆ ದಾರಿ ಐತಿ, ನಾ ಬಂದು ತೋರಿಸ್ತೀನಿ. ಅಲ್ಲೀತನಕ ಲಾರಿ ಬ್ಯಾಡ."

ಬೇರೆ ದಾರಿ ಎಂದರೆ ಡಿಜಿಟಲ್ ಸಹಿ. ನನ್ನ ಹೆಸರಿನಲ್ಲಿ ಒಂದು ಸರ್ಟಿಫಿಕೇಟ್ ಮಾಡಿ, ಕೋಡಿಗೆ ಅದರಿಂದ ಸಹಿ ಹಾಕುವುದು. ಸಹಿಯ ಗುಟ್ಟಿನ ಕೀಲಿ ನನ್ನ ಕಂಪ್ಯೂಟರಿನಲ್ಲಿ ಮಾತ್ರ. ಎರಡೂ ಊರಿನ ಕಂಪ್ಯೂಟರುಗಳಿಗೆ, ನಂಬಿದ ಸಹಿ ಇಲ್ಲದ ಮ್ಯಾಕ್ರೋ ಓಡಿಸಬೇಡ ಎಂದು ಹೇಳಿಡುವುದು. ಕೋಡನ್ನು ಯಾರು ಬೇಕಾದರೂ ತೆಗೆದು ಓದಬಹುದು. ಒಂದು ಅಕ್ಷರ ತಿದ್ದಿ ಸೇವ್ ಮಾಡಿದರೆ ಸಹಿ ಕಳಚಿಬೀಳುತ್ತದೆ, ಪ್ರೋಗ್ರಾಂ ಮುಷ್ಕರ ಹೂಡುತ್ತದೆ. ಮಡಕಶಿರಾದಿಂದ ಹಿಂದಿರುಗಿದ ಮೇಲೆ ಇದನ್ನು ಸಾಹುಕಾರರ ಕಂಪ್ಯೂಟರಿನಲ್ಲಿ ಕೂರಿಸಿದೆ. ಅವರು ಮಾತಿಗೆ ಒಪ್ಪುವವರಲ್ಲ. ಮಾಸ್ಟರನ್ನು ಕೂರಿಸಿ, ಎಲ್ಲಾದರೂ ಒಂದು ಅಂಕಿ ಬದಲಾಯಿಸು ಎಂದರು. ಮಾಸ್ಟರು ಒಂದು ಬೆರಳಿನಿಂದ ಹುಡುಕಿ ಹುಡುಕಿ ಒಂದನ್ನು ಎರಡು ಮಾಡಿದರು, ಸೇವ್ ಮಾಡಿದರು. ಫೈಲ್ ಮುಚ್ಚಿ ತೆಗೆದರೆ ಬಟನ್ ಒತ್ತಿದರೂ ಏನೂ ಆಗಲಿಲ್ಲ. ಮ್ಯಾಕ್ರೋ ತಡೆಹಿಡಿಯಲಾಗಿದೆ ಎಂದು ಮೇಲೆ ಹಳದಿ ಪಟ್ಟಿ.

"ಸಿಟ್ಟು ಬಂದೈತ್ರಿ ಇದಕ್ಕ," ಅಂದರು ಮಾಸ್ಟರು. "ನಮ್ಮ ಮನಿಯಾಕೀನೂ ಹಿಂಗ, ಅಡಿಗಿಮನ್ಯಾಗ ಡಬ್ಬಿ ಆ ಕಡಿ ಈ ಕಡಿ ಇಟ್ರ ಮಾತ ಬಿಡ್ತಾಳ."

ಸಾಹುಕಾರರು ಆಗ ಸ್ವಲ್ಪ ನಕ್ಕರು. ಆದರೂ ಅವರ ತೀರ್ಮಾನ ಆ ಬಂಡಲ್ ಮೇಲೆಯೇ ಇತ್ತು. ಅದು ಬಂದ ದಿನ ಮಡಕಶಿರಾದಿಂದ ಫೋನ್ ಬರಲಿಲ್ಲ. ಅವಳು ಮಾಡಲಿಲ್ಲ, ನಾವೂ ಮಾಡಲಿಲ್ಲ. ತೊಳೆದು ಒಣಗಿದ ಪ್ಯಾಂಟನ್ನು ಮಾಸ್ಟರು ಮೇಜಿನ ಮೇಲೆ ಹಾಸಿ ಅಳೆದರು, ತಿರುಗಿಸಿ ಅಳೆದರು, ಬಂಡಲಿನ ನಡುವಿನಿಂದ ಇನ್ನೊಂದನ್ನು ಎಳೆದು ಅದನ್ನೂ ಅಳೆದರು. "ಕರೆಕ್ಟ್ ಐತ್ರಿ," ಅಂದರು. ಸಾಹುಕಾರರು ಮಡಕಶಿರಾಕ್ಕೆ ಫೋನ್ ಹಚ್ಚಿ, ಉಳಿದ ಬಟ್ಟೆ ಕತ್ತರಿಸು ಎಂದಷ್ಟೇ ಹೇಳಿದರು. ಅವಳು ಯಾರಿಗೋ ಮಷೀನ್ ಹಾಕ್ರೇ ಎಂದು ಕೂಗಿದ್ದು ಕೇಳಿಸಿತು, ಆಮೇಲೆ ಒಂದೊಂದಾಗಿ ಮಷೀನುಗಳು ಎದ್ದವು. ಗಿಡ್ಡವಾಗಿದ್ದ ಮೊದಲ ಬಂಡಲನ್ನು ಮಾಸ್ಟರು ಗೊಣಗುತ್ತಲೇ ಒಂದು ಸೈಜ್ ಕೆಳಗಿನ ಲೇಬಲ್ಲಿಗೆ ಹೊಂದಿಸಿದರು.

ಅಲ್ಲಿಂದ ಮುಂದೆ ಅವಳು ಕೋಡ್ ಓದಲು ಹತ್ತಿದಳು. ಬರೀ ಓದುವುದಲ್ಲ, ಫೋನ್ ಮಾಡಿ ಕೇಳುವಳು. ಇಲ್ಲಿ ಯಾಕೆ ಹಿಂಗೆ ಬರ್ದಿದೀರಿ, ಜೇಬಿನ ಬಟ್ಟೆ ಬೇರೆ ಥರ ಕುಗ್ತದಲ್ಲ, ಅದಕ್ಕೆ ಬೇರೆ ಖಾನೆ ಯಾಕಿಲ್ಲ. ತಿದ್ದುಪಡಿ ಬರೆದು ಕಳಿಸುವಳು, ನಾನು ಓದಿ, ಸರಿಯಿದ್ದರೆ ಸಹಿ ಹಾಕಿ ವಾಪಸ್ ಕಳಿಸುತ್ತಿದ್ದೆ. ಕೆಲವು ತಿದ್ದುಪಡಿಗಳು ನನಗೆ ಹೊಳೆಯದಿದ್ದಂಥವು. ಬರಬರುತ್ತಾ ನನ್ನ ಕಣ್ಣು ಮಂಜಾಯಿತು, ಓದುವುದು ತಡವಾಗತೊಡಗಿತು, ಅಲ್ಲಿ ಕೆಲಸ ನಿಲ್ಲತೊಡಗಿತು. ಒಂದು ದಿನ ಸಾಹುಕಾರರಿಗೆ ಹೇಳಿದೆ, ಇನ್ನು ಅವಳ ಹೆಸರಿನಲ್ಲೇ ಸಹಿ ಇರಲಿ. ಅವರು ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಕೊನೆಗೆ, "ಆಕೀಗ ಹೇಳ್ರಿ, ತಿದ್ದಿದ್ದು ಏನಂತ ಮಾಸ್ಟರ್‌ಗ ಮೊದ್ಲ ಹೇಳ್ಬೇಕು," ಅಂದರು. ಅಷ್ಟು ಸಾಕಾಗಿತ್ತು.

ಅದನ್ನು ಕೂರಿಸಿಕೊಡಲು ಹೋದದ್ದೇ ನಾನು ಮಡಕಶಿರಾಕ್ಕೆ ಹೋದದ್ದು ಕೊನೆ, ಅವಳನ್ನು ನೋಡಿದ್ದೂ ಕೊನೆ. ಅವಳ ಹೆಸರಿನ ಸರ್ಟಿಫಿಕೇಟ್ ಅವಳ ಕಂಪ್ಯೂಟರಿನಲ್ಲೇ ಮಾಡಿಸಿದೆ, ಕೀಲಿಯ ಪಾಸ್‌ವರ್ಡ್ ಹಾಕುವಾಗ ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ಬಸ್ಸಿನ ಹೊತ್ತಾಗುತ್ತಿತ್ತು. ಅವಳು ಹೊಸ ಹುಡುಗಿಯೊಬ್ಬಳಿಗೆ ಅಳೆಯುವುದು ಕಲಿಸುತ್ತಿದ್ದಳು. ತಂತಿಯಿಂದ ಆಗತಾನೇ ತೆಗೆದ ತುಂಡು ಕೈಯಲ್ಲಿತ್ತು, ಹಪ್ಪಳದ ಹಾಗೆ ಸುರುಟಿಕೊಂಡದ್ದು. ಟೇಪು ತರಲು ತಿರುಗುವಾಗ, "ಒಂಚೂರು ಹಿಡ್ಕಳಿ ಮೇಡಂ," ಎಂದು ಅದನ್ನು ಹಾಗೆಯೇ ನನ್ನ ಕೈಗೆ ಕೊಟ್ಟಳು. ಮುದುರಿದ ಬಟ್ಟೆ. ಬಿಸಿಲಿಗೆ ಇನ್ನೂ ಬೆಚ್ಚಗಿತ್ತು. ನನ್ನ ಕೈ ಸುಮ್ಮನಿರಲಿಲ್ಲ, ಹಳೇ ಕೈ, ಅಂಗೈಯಿಂದ ಮೂಲೆಯನ್ನು ನೇವರಿಸಿ ಸರಿಮಾಡಲು ಹೊರಟಿತ್ತು.

ಅವಳು ತಿರುಗಿ ನೋಡಿದಳು. ಇಸ್ತ್ರಿ ಮಾಡಿದ ಸೀರೆ, ಸೆರಗಿಗೆ ಅದೇ ಪಿನ್ನು.

"ಕೈ ಆಡುಸ್‌ಬೇಡಿ ಮೇಡಂ," ಅಂದಳು. "ಹಂಗೇ ಇರ್ಲಿ."